ಚರ್ಚಿನಲ್ಲಿ ಮಧ್ಯಾಹ್ನದ ಕೊಳಲು ಕಛೇರಿ: ಎಳೆಯರ ತಂಡಗಳಿಗೆ ಹಂತ ಹಂತದ ಮಾರ್ಗದರ್ಶಿ

ಕಲಬುರಗಿ, ಬೀದರ್ ಮತ್ತು ಯಾದಗಿರಿಯ ಕೊಳಲು ಶಿಕ್ಷಕರಿಂದಲೂ ಮಕ್ಕಳ ತಂದೆತಾಯಿಗಳಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹತ್ತು ಹನ್ನೆರಡು ಮಕ್ಕಳ ತಂಡ ಸಿದ್ಧವಾಗಿದೆ, ಆದರೆ ರಂಗಮಂದಿರದ ಬಾಡಿಗೆ ಮತ್ತು ಧ್ವನಿವರ್ಧಕದ ಖರ್ಚನ್ನು ಭರಿಸುವ ಶಕ್ತಿ ಇಲ್ಲ. ಊರಿನ ಚರ್ಚಿನಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಒಂದು ಚಿಕ್ಕ ಕಛೇರಿಯನ್ನು ನಡೆಸಬಹುದೇ? ನಡೆಸಬಹುದು. ಎಳೆಯರ ಕೊಳಲು ತಂಡಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ವೇದಿಕೆ ನಮ್ಮ ಭಾಗದಲ್ಲಿ ಸಿಗುವುದು ಕಷ್ಟವೆಂದೇ ನನ್ನ ಅಭಿಪ್ರಾಯ. ಎತ್ತರದ ಛಾವಣಿ ಮತ್ತು ಗಟ್ಟಿ ಗೋಡೆಗಳುಳ್ಳ ಕಟ್ಟಡದಲ್ಲಿ ಕೊಳಲಿಗೆ ಮೈಕ್ ಬೇಕಾಗುವುದಿಲ್ಲ, ಕಛೇರಿ ಚಿಕ್ಕದಾದ್ದರಿಂದ ಮಕ್ಕಳ ಉಸಿರು ಸೋಲುವುದಿಲ್ಲ, ಸಂಜೆಯ ಸಭೆಗಳಲ್ಲಿ ಎಂದೂ ಸರದಿ ಬಾರದ ಮಧ್ಯಾಹ್ನದ ರಾಗಗಳಿಗೆ ಅವುಗಳ ಸ್ವಂತ ವೇಳೆಯೂ ದೊರೆಯುತ್ತದೆ.

ಊಟದ ಬಿಡುವಿನ ಕಛೇರಿಯೆಂಬ ರೂಢಿ ಗಟ್ಟಿಯಾಗಿ ಬೇರೂರಿದ್ದು ಲಂಡನ್ನಿನಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಂಜೆಯ ಸಂಗೀತ ನಿಂತುಹೋದಾಗ ಪಿಯಾನೊ ವಾದಕಿ ಮೈರಾ ಹೆಸ್ ಅವರು 1939ರ ಅಕ್ಟೋಬರಿನಲ್ಲಿ ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿ ಮಧ್ಯಾಹ್ನದ ಕಛೇರಿಗಳನ್ನು ಆರಂಭಿಸಿದರು, ಅವು 1946ರ ಏಪ್ರಿಲ್‌ವರೆಗೆ ನಡೆದವು. ಲಂಡನ್ನಿನ ಚರ್ಚುಗಳಲ್ಲಿ ಸಂಗೀತ ವಿದ್ಯಾರ್ಥಿಗಳು ಮಧ್ಯಾಹ್ನ ನುಡಿಸುವ ಪದ್ಧತಿ ಇಂದಿಗೂ ಇದೆ. ಕೆಲಸದ ನಡುವೆ ಬಂದವರು ಸಂಗೀತ ಕೇಳಿ ಮತ್ತೆ ಕೆಲಸಕ್ಕೆ ಮರಳಲು ಆಗಬೇಕು ಎಂಬುದೇ ಈ ಬಗೆಯ ಕಛೇರಿಯ ಮೂಲ ಒಪ್ಪಂದ. ಮುಂದಿನ ಹಂತಗಳಲ್ಲಿ ಬರುವ ಹೆಚ್ಚಿನ ಎಚ್ಚರಿಕೆಗಳು ಈ ಒಂದು ಮಾತಿನಿಂದಲೇ ಹುಟ್ಟಿದವು.

ಆರಂಭಿಸುವ ಮೊದಲು ನಿಮ್ಮ ಬಳಿ ಇರಬೇಕಾದವು ಹೆಚ್ಚಿಲ್ಲ: ಒಂದೇ ಶ್ರುತಿಯ, ಎಂದರೆ ಒಂದೇ ಆಧಾರಸ್ವರದ, ಕೊಳಲುಗಳು, ಕನಿಷ್ಠ ಎರಡು ತಿಂಗಳ ಕಾಲಾವಕಾಶ, ಮಕ್ಕಳೊಂದಿಗೆ ದಿನವಿಡೀ ಇರಬಲ್ಲ ಇಬ್ಬರು ಹಿರಿಯರು ಮತ್ತು ಚರ್ಚಿನ ಹೊಣೆ ಹೊತ್ತವರೊಂದಿಗೆ ಮುಖಾಮುಖಿ ಮಾತನಾಡುವ ಒಬ್ಬ ವ್ಯಕ್ತಿ. ಇಲ್ಲಿ ಕೊಳಲು ಎಂದಾಗ ಹೆಚ್ಚಾಗಿ ಹಿಂದೂಸ್ತಾನಿ ಪದ್ಧತಿಯ ಆರು ರಂಧ್ರದ ಬಿದಿರಿನ ಬಾನ್ಸುರಿಯನ್ನೇ ಉದ್ದೇಶಿಸಿದ್ದೇನೆ. ಕೀಲಿಗಳಿರುವ ಲೋಹದ ಪಾಶ್ಚಾತ್ಯ ಕೊಳಲು ನುಡಿಸುವ ತಂಡಗಳಿಗೆ ಬೇಕಾದುದನ್ನು ಆಯಾ ಕಡೆಯಲ್ಲೇ ಹೇಳಿದ್ದೇನೆ.

ಹಂತ 1: ದಿನ ಮತ್ತು ವೇಳೆಯನ್ನು ಗೊತ್ತುಪಡಿಸುವುದು

ನಮ್ಮ ಭಾಗದ ಹವೆಯಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯೇ ಸರಿ. ಕಲಬುರಗಿ ಮತ್ತು ಯಾದಗಿರಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಮಕ್ಕಳಿಗೂ ಬಿದಿರಿಗೂ ಅದು ಹಿಂಸೆ. ಎತ್ತರದಲ್ಲಿರುವ ಬೀದರ್ ಸ್ವಲ್ಪ ತಂಪೆಂಬುದು ನಿಜವಾದರೂ ಬೇಸಿಗೆಯ ನಡು ಮಧ್ಯಾಹ್ನಕ್ಕೆ ಆ ವ್ಯತ್ಯಾಸ ಸಾಲದು. ಮಾರ್ಚ್ ತಿಂಗಳು ಪರೀಕ್ಷೆಗಳ ಕಾಲವಾದ್ದರಿಂದ ಅದನ್ನೂ ಬಿಡಿ.

ವಾರದ ದಿನಗಳಲ್ಲಿ ತಿಂಗಳ ಮೊದಲನೆಯ, ಮೂರನೆಯ ಅಥವಾ ಐದನೆಯ ಶನಿವಾರ ಎಲ್ಲಕ್ಕಿಂತ ಅನುಕೂಲ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಮಕ್ಕಳು ಮಧ್ಯಾಹ್ನದ ಹೊತ್ತಿಗೆ ಬಿಡುವಾಗುತ್ತಾರೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸರ್ಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ರಜೆ ಇರುವುದರಿಂದ ಅಂದು ಊಟದ ಬಿಡುವಿನಲ್ಲಿ ಬರಬೇಕಾದ ಶ್ರೋತೃಗಳೇ ಮನೆಯಲ್ಲಿರುತ್ತಾರೆ. ಶುಕ್ರವಾರ ಮಧ್ಯಾಹ್ನವನ್ನು ಬೇಡವೆನ್ನಿ. ಅದು ಜುಮ್ಮಾ ನಮಾಜಿನ ಹೊತ್ತು. ನಿಮ್ಮ ನೆರೆಯವರಲ್ಲಿ ಹಲವರು ಬರಲಾರರು, ಮಸೀದಿಗಳ ಸುತ್ತಲಿನ ರಸ್ತೆಗಳೂ ತುಂಬಿರುತ್ತವೆ. ಸಂಕ್ರಾಂತಿಯ ಹೊತ್ತಿಗೆ ಯಾದಗಿರಿ ತಾಲ್ಲೂಕಿನ ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆ ಇರುತ್ತದೆಯಾದ್ದರಿಂದ ಆ ಕಡೆಯ ತಂಡಗಳು ಆ ವಾರವನ್ನು ತಪ್ಪಿಸಬೇಕು.

ವೇಳೆಯನ್ನು ಕಛೇರಿಯ ಅನುಕೂಲಕ್ಕಿಂತ ಮೊದಲು ಕೇಳುಗರ ಅನುಕೂಲದಿಂದ ನಿರ್ಧರಿಸಬೇಕು. ಚರ್ಚಿನ ಸುತ್ತ ಇರುವ ಕಚೇರಿ, ಆಸ್ಪತ್ರೆ, ಕಾಲೇಜುಗಳಲ್ಲಿ ಊಟದ ಬಿಡುವು ಎಷ್ಟು ಹೊತ್ತಿಗೆ ಎಂದು ನಡೆದು ಹೋಗಿ ಕೇಳಿಕೊಂಡು ಬನ್ನಿ. ಕ್ಯಾಥೋಲಿಕ್ ಚರ್ಚುಗಳಲ್ಲಿ ಮಧ್ಯಾಹ್ನ 12ಕ್ಕೆ ಪ್ರಾರ್ಥನೆಯ ಗಂಟೆ ಬಾರಿಸುವ ವಾಡಿಕೆ ಇರಬಹುದು. ಗಂಟೆಯ ಹೊಣೆ ಯಾರದೆಂದು ತಿಳಿದು ಅವರನ್ನೇ ವಿಚಾರಿಸಿ.

ಹಂತ 2: ಅನುಮತಿ

ಅನುಮತಿಯನ್ನು ಲಿಖಿತವಾಗಿಯೇ ಪಡೆಯಬೇಕು. ಪರಿಚಯದವರೊಬ್ಬರು "ಆಯ್ತು, ಮಾಡ್ರಿ" ಎಂದ ಮಾತ್ರಕ್ಕೆ ಕರಪತ್ರ ಅಚ್ಚು ಹಾಕಿಸಿ, ಕೊನೆಯ ವಾರದಲ್ಲಿ ಅದೇ ದಿನಕ್ಕೆ ಮದುವೆಯ ಆರಾಧನೆ ಗೊತ್ತಾಗಿದೆಯೆಂದು ತಿಳಿಯುವುದು ಬಹಳ ಸಾಮಾನ್ಯವಾದ ತೊಡಕು. ಶನಿವಾರ ಆಯ್ದುಕೊಂಡವರು ಚರ್ಚಿನ ಮದುವೆಗಳ ದಾಖಲೆಯನ್ನು ಮೊದಲೇ ನೋಡಿಸಿಕೊಳ್ಳಬೇಕು. ಭಾನುವಾರದ ಸ್ವಚ್ಛತೆ ಮತ್ತು ಗಾಯನ ತಂಡದ ಅಭ್ಯಾಸವೂ ಸಾಮಾನ್ಯವಾಗಿ ಶನಿವಾರವೇ ಇರುತ್ತವೆ.

ನಮ್ಮ ಮೂರೂ ಜಿಲ್ಲೆಗಳಲ್ಲಿ ಮೆಥೋಡಿಸ್ಟ್ ಮತ್ತು ಕ್ಯಾಥೋಲಿಕ್ ಚರ್ಚುಗಳೆರಡೂ ಇವೆ, ಅವುಗಳ ಆಡಳಿತದ ದಾರಿ ಬೇರೆ ಬೇರೆ. ಮೆಥೋಡಿಸ್ಟ್ ಚರ್ಚಿನಲ್ಲಿ ನಿಮ್ಮ ಪತ್ರ ಸಭಾಪಾಲಕರಿಗೆ, ಎಂದರೆ ಆ ಸಭೆಯ ಪಾಸ್ಟರ್ ಅವರಿಗೆ, ತಲುಪಬೇಕು. ಅವರು ಅದನ್ನು ಚರ್ಚಿನ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಮುಂದಿಡುತ್ತಾರೆ. ಕಮಿಟಿಯ ಸಭೆ ಯಾವಾಗ ಸೇರುತ್ತದೆ ಎಂಬುದನ್ನು ಅವಲಂಬಿಸಿ ಉತ್ತರಕ್ಕೆ ಕೆಲವು ವಾರ ಹಿಡಿಯಬಹುದು.

ಕ್ಯಾಥೋಲಿಕ್ ಚರ್ಚುಗಳಿಗೆ ಇನ್ನೂ ಸ್ಪಷ್ಟವಾದ ನಿಯಮಗಳಿವೆ. ಚರ್ಚುಗಳಲ್ಲಿ ನಡೆಯುವ ಕಛೇರಿಗಳ ಬಗ್ಗೆ ವ್ಯಾಟಿಕನ್ 1987ರ ನವೆಂಬರಿನಲ್ಲಿ ಒಂದು ಸೂಚನಾಪತ್ರವನ್ನೇ ಹೊರಡಿಸಿದೆ. ಅದರಂತೆ ಆರಾಧನೆಯ ಹೊರಗಿನ ಕಛೇರಿಗೆ ಸಾಕಷ್ಟು ಮುಂಚೆ ಲಿಖಿತ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ದಿನಾಂಕ, ವೇಳೆ, ನುಡಿಸುವ ಕೃತಿಗಳು ಮತ್ತು ರಚನಕಾರರ ಹೆಸರು ಇರಬೇಕು. ಪ್ರವೇಶ ಎಲ್ಲರಿಗೂ ಮುಕ್ತ ಹಾಗೂ ಉಚಿತವಾಗಿರಬೇಕು. ನುಡಿಸುವವರು ಬಲಿಪೀಠವಿರುವ ಪವಿತ್ರ ಭಾಗದಲ್ಲಿ ಕೂರಬಾರದು. ಉಡುಪು ಮತ್ತು ನಡವಳಿಕೆ ಸ್ಥಳದ ಗೌರವಕ್ಕೆ ತಕ್ಕಂತಿರಬೇಕು. ಪರಮಪ್ರಸಾದವನ್ನು, ಅಂದರೆ ಪವಿತ್ರೀಕರಿಸಿದ ರೊಟ್ಟಿಯನ್ನು, ಸಾಧ್ಯವಾದಷ್ಟೂ ಬೇರೆ ಪೂಜಾಸ್ಥಳದಲ್ಲಿ ಇರಿಸಬೇಕು. ಈ ಕೊನೆಯದು ಚರ್ಚಿನ ಗುರುಗಳ, ಎಂದರೆ ಪಾದ್ರಿಗಳ, ಕೆಲಸ, ನೀವು ಅದರ ಗೊಡವೆಗೆ ಹೋಗಬೇಡಿ. ಆದರೆ ಅದಕ್ಕೆ ವೇಳೆ ಬೇಕೆಂಬುದನ್ನು ನೆನಪಿನಲ್ಲಿಡಿ. ಅನುಮತಿ ಕೊಡುವ ಅಧಿಕಾರ ಧರ್ಮಾಧ್ಯಕ್ಷರದು, ಎಂದರೆ ಬಿಷಪ್ ಅವರದು. ಕಲಬುರಗಿ 2005ರಿಂದ ಸ್ವತಂತ್ರ ಧರ್ಮಪ್ರಾಂತ್ಯವಾದ್ದರಿಂದ, ಅಂದರೆ ಧರ್ಮಾಧ್ಯಕ್ಷರೊಬ್ಬರ ಆಡಳಿತಕ್ಕೆ ಸೇರಿದ ಪ್ರದೇಶವಾದ್ದರಿಂದ, ಅರ್ಜಿ ದೂರ ಹೋಗಬೇಕಾಗಿಲ್ಲ. ನಿಮ್ಮ ಚರ್ಚಿನ ಗುರುಗಳ ಮೂಲಕವೇ ಕಳುಹಿಸಿ.

ಯಾವ ಚರ್ಚಾದರೂ ಮೊದಲ ಭೇಟಿಯಲ್ಲೇ ಕೇಳಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಪಾದರಕ್ಷೆಗಳನ್ನು ಹೊರಗೆ ಬಿಡಬೇಕೇ? ಕೃತಿ ಮುಗಿದಾಗ ಚಪ್ಪಾಳೆ ತಟ್ಟಬಹುದೇ? ಚಿತ್ರೀಕರಣಕ್ಕೆ ಒಪ್ಪಿಗೆ ಇದೆಯೇ? ಡಿಸೆಂಬರಿನಲ್ಲಾದರೆ ಕ್ರಿಸ್‌ಮಸ್ ಸಿದ್ಧತೆಗೆ ತೊಂದರೆಯಾಗುವುದೇ? ಅಲ್ಲಿನ ಉತ್ತರ ಏನೇ ಇರಲಿ, ಅದನ್ನು ಚರ್ಚಿಸಲು ಹೋಗದೆ ಹಾಗೆಯೇ ಪಾಲಿಸಿ.

ಹಂತ 3: ಜಾಗವನ್ನು ಕಿವಿಯಿಂದ ಅಳೆಯುವುದು

ಅನುಮತಿ ಸಿಕ್ಕ ಮೇಲೆ ಒಂದು ಕೊಳಲು ಮತ್ತು ಇಬ್ಬರು ಮಕ್ಕಳೊಂದಿಗೆ ಖಾಲಿ ಚರ್ಚಿಗೆ ಹೋಗಿ. ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ಹೊಡೆದು, ಸದ್ದು ಪೂರ್ತಿ ಅಡಗುವವರೆಗೆ ಎಣಿಸಿ. ಸದ್ದು ಗೋಡೆಗಳಿಗೆ ಬಡಿದು ಬಡಿದು ಉಳಿಯುವ ಈ ಗುಣಕ್ಕೆ ಅನುರಣನ ಎನ್ನುತ್ತಾರೆ. ಒಂದೂವರೆ ಸೆಕೆಂಡಿನ ಆಸುಪಾಸಿನಲ್ಲಿ ಅಡಗಿದರೆ ಕೊಳಲಿಗೆ ಅದು ಒಳ್ಳೆಯ ಜಾಗ. ಮೂರು ಸೆಕೆಂಡಿನ ಹತ್ತಿರ ಉಳಿದರೆ ವೇಗದ ತಾನುಗಳು, ಎಂದರೆ ಬಿಡದೆ ಓಡುವ ಸ್ವರಗಳ ಸಾಲುಗಳು, ಒಂದರೊಳಗೊಂದು ಕಲಸಿಹೋಗುತ್ತವೆ. ಹಾಗಾದಾಗ ಲಯವನ್ನು ಇಳಿಸುವುದೊಂದೇ ಪರಿಹಾರ. ಜನ ತುಂಬಿದಾಗ ಮೈ ಮತ್ತು ಬಟ್ಟೆಗಳು ಸದ್ದನ್ನು ಹೀರುವುದರಿಂದ ಅನುರಣನ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಳಿಕ ಒಂದು ಮಗುವನ್ನು ಬಲಿಪೀಠದ ಮೆಟ್ಟಿಲುಗಳ ಕೆಳಗೆ ಕೂರಿಸಿ ಮಂದ್ರ ಪಂಚಮವನ್ನು, ಎಂದರೆ ಕೆಳಗಿನ ಸಪ್ತಕದ 'ಪ' ಸ್ವರವನ್ನು, ಊದಿಸಿ, ನೀವು ಕಟ್ಟಕಡೆಯ ಸಾಲಿಗೆ ಹೋಗಿ ಕೇಳಿ. ಆರು ರಂಧ್ರದ ಬಾನ್ಸುರಿಯಲ್ಲಿ ಎಲ್ಲ ರಂಧ್ರಗಳನ್ನೂ ಮುಚ್ಚಿದಾಗ ಬರುವ ಈ ಸ್ವರವೇ ಅತ್ಯಂತ ಕೆಳಗಿನದು ಮತ್ತು ಅತ್ಯಂತ ಮೆಲುವಾದದ್ದು. ಅದು ಹಿಂದಿನ ಸಾಲಿಗೆ ಮುಟ್ಟಿದರೆ ಉಳಿದ ಎಲ್ಲವೂ ಮುಟ್ಟುತ್ತವೆ, ಮೈಕಿನ ಮಾತನ್ನು ನೀವು ಮರೆತುಬಿಡಬಹುದು.

ಈ ಭೇಟಿಯಲ್ಲಿ ಬಹುತೇಕರು ನೋಡದೆ ಬಿಡುವುದು ಛಾವಣಿಯ ಫ್ಯಾನುಗಳನ್ನು. ಕೊಳಲಿನ ನಾದ ಹುಟ್ಟುವುದು ತುಟಿಯಿಂದ ಹೊರಟ ತೆಳುವಾದ ಗಾಳಿಯ ಎಳೆ ಊದುರಂಧ್ರದ ಎದುರಿನ ಅಂಚಿಗೆ ತಾಗುವುದರಿಂದ. ಮೇಲಿನಿಂದ ಬೀಸುವ ಫ್ಯಾನಿನ ಗಾಳಿ ಆ ಎಳೆಯನ್ನೇ ಅಲುಗಿಸುತ್ತದೆ. ಅಭ್ಯಾಸವಿದ್ದವರು ಹೇಗೋ ನಿಭಾಯಿಸುತ್ತಾರೆ, ಮಕ್ಕಳಲ್ಲಿ ಸ್ವರ ಒಡೆದು ಬರೀ ಉಸಿರಿನ ಸದ್ದು ಕೇಳಿಸುತ್ತದೆ. ಆದ್ದರಿಂದ ನುಡಿಸುವವರ ಮೇಲಿನ ಫ್ಯಾನನ್ನು ಮಾತ್ರ ಬೇರೆಯಾಗಿ ಆರಿಸಲು ಬರುತ್ತದೆಯೇ ಎಂದು ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿ ನೋಡಿ, ಆ ಸ್ವಿಚ್ಚಿಗೆ ಕಾಗದದ ಗುರುತು ಅಂಟಿಸಲು ಒಪ್ಪಿಗೆ ಕೇಳಿ.

ಕೂರುವ ವ್ಯವಸ್ಥೆಗೂ ಅಳತೆ ಬೇಕು. ಕೊಳಲು ವಾದಕರ ಬಲಕ್ಕೆ ಚಾಚಿಕೊಂಡಿರುತ್ತದೆ. ಬಿಳಿ ಮೂರು ಶ್ರುತಿಯ (ಈ ಹೆಸರಿನ ಅರ್ಥ ಹಂತ 4ರಲ್ಲಿದೆ) ಬಾನ್ಸುರಿ ಸುಮಾರು 75 ಸೆಂಟಿಮೀಟರ್ ಉದ್ದವಿರುವುದರಿಂದ ಪ್ರತಿ ಮಗುವಿಗೆ ಮೂರು ಅಡಿ ಅಗಲ ಬಿಡಬೇಕು, ಸಾಲು ನೇರವಾಗಿರದೆ ತುಸು ಓರೆಯಾಗಿರಬೇಕು. ನಮ್ಮ ಕಡೆಯ ಹಲವು ಚರ್ಚುಗಳಲ್ಲಿ ಜನ ಜಮಖಾನೆಯ ಮೇಲೆಯೇ ಕೂರುತ್ತಾರೆ, ಅಂಥಲ್ಲಿ ನೆಲದ ಮೇಲೆ ಕೂತು ನುಡಿಸಿದರೂ ನಡೆಯುತ್ತದೆ. ಬೆಂಚುಗಳಿದ್ದರೆ ಒಂದಡಿ ಎತ್ತರದ ಕಟ್ಟಿಗೆಯ ವೇದಿಕೆ ಬೇಕೇ ಬೇಕು.

ಹಂತ 4: ಕೊಳಲುಗಳನ್ನು ಒಂದೇ ಶ್ರುತಿಗೆ ತರುವುದು

ಇಡೀ ಸಿದ್ಧತೆಯಲ್ಲಿ ಹೆಚ್ಚು ಕಾಲ ಬೇಡುವ ಹಂತ ಇದು. ತಂತಿವಾದ್ಯದಂತೆ ಬಿದಿರಿನ ಕೊಳಲನ್ನು ಬಿಗಿ ಮಾಡಿ ಶ್ರುತಿ ಸೇರಿಸಲು ಬರುವುದಿಲ್ಲ. ಅದರ ಷಡ್ಜ, ಎಂದರೆ ಆಧಾರಸ್ವರವಾದ 'ಸ', ತಯಾರಿಯಲ್ಲೇ ನಿಗದಿಯಾಗಿರುತ್ತದೆ. ಆದ್ದರಿಂದ ತಂಡಕ್ಕೆ ಬೇಕಾದ ಕೊಳಲುಗಳನ್ನು ಒಬ್ಬರೇ ತಯಾರಕರಿಂದ, ಒಂದೇ ಶ್ರುತಿಯಲ್ಲಿ, ಸಾಧ್ಯವಾದರೆ ಒಂದೇ ಬಾರಿಗೆ ಕೊಳ್ಳಬೇಕು. ಮಕ್ಕಳು ಜಾತ್ರೆಯಲ್ಲಿ, ಅಂಗಡಿಯಲ್ಲಿ, ನೆಂಟರಿಂದ ಪಡೆದ ಕೊಳಲುಗಳನ್ನೇ ತಂದರೆ ಎಷ್ಟೇ ಅಭ್ಯಾಸ ಮಾಡಿದರೂ ತಂಡದ ನಾದ ಒಂದಾಗದು. ಹಾರ್ಮೋನಿಯಮ್ಮಿನ, ನಮ್ಮ ಮಾತಿನಲ್ಲಿ ಪೇಟಿಯ, ಮನೆಗಳನ್ನು ಎಣಿಸಿ ಶ್ರುತಿಯನ್ನು ಬಿಳಿ ಒಂದು, ಕಪ್ಪು ಒಂದು ಎಂದು ಕರೆಯುವುದು ರೂಢಿ. ಬಿಳಿ ಮೂರು ಎಂದರೆ ಪಾಶ್ಚಾತ್ಯ ಪದ್ಧತಿಯ ಇ ಸ್ವರ. ದೊಡ್ಡವರ ಕಛೇರಿಯಲ್ಲಿ ಇದು ಬಹಳ ಬಳಕೆಯ ಶ್ರುತಿಯಾದರೂ ರಂಧ್ರಗಳ ನಡುವಿನ ಅಂತರ ಹತ್ತು ವರ್ಷದೊಳಗಿನ ಮಕ್ಕಳ ಬೆರಳುಗಳಿಗೆ ಹೆಚ್ಚು. ಅವರು ಬೆರಳು ಚಾಚಿ ಚಾಚಿ ರಂಧ್ರವನ್ನು ಅರೆಬರೆ ಮುಚ್ಚುತ್ತಾರೆ. ಅಂಥ ತಂಡಕ್ಕೆ ಇನ್ನೂ ಚಿಕ್ಕ, ಅಂದರೆ ಮೇಲಿನ ಶ್ರುತಿಯ, ಕೊಳಲುಗಳನ್ನೇ ಆರಿಸಿ.

ಎರಡನೆಯ ಸಂಗತಿ ಉಷ್ಣಾಂಶ. ಗಾಳಿ ಬಿಸಿಯಾದಂತೆ ಅದರಲ್ಲಿ ನಾದದ ವೇಗ ಹೆಚ್ಚುತ್ತದೆ: 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇರುವುದು 30 ಡಿಗ್ರಿಯಲ್ಲಿ ಸುಮಾರು 349 ಮೀಟರ್ ಆಗುತ್ತದೆ. ಕೊಳಲಿನ ಉದ್ದ ಅಷ್ಟೇ ಇದ್ದು ನಾದದ ವೇಗ ಹೆಚ್ಚಿದರೆ ಸ್ವರ ಮೇಲೇರುತ್ತದೆ. ಶ್ರುತಿಯ ಸೂಕ್ಷ್ಮ ಅಳತೆಗೆ ಸೆಂಟ್ ಎನ್ನುತ್ತಾರೆ. ಪೇಟಿಯ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ ನೂರನೆಯ ಒಂದು ಭಾಗವೇ ಒಂದು ಸೆಂಟ್. ಕೊಳಲೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 30 ಸೆಂಟ್ ಏರುತ್ತದೆ. ಊದುವ ಉಸಿರು ತಾನೇ ಬೆಚ್ಚಗಿರುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಿಮೆಯಾದರೂ ಕಿವಿಗೆ ಸ್ಪಷ್ಟವಾಗಿ ತಿಳಿಯುವಷ್ಟು ಇರುತ್ತದೆ. ಡಿಸೆಂಬರಿನಲ್ಲಿ ಕಲಬುರಗಿಯ ಬೆಳಗಿನ ಏಳು ಗಂಟೆಗೂ ಮಧ್ಯಾಹ್ನದ ಒಂದು ಗಂಟೆಗೂ ಇರುವ ವ್ಯತ್ಯಾಸವನ್ನು ನೆನೆಸಿಕೊಳ್ಳಿ. ಬೆಳಗಿನ ತಂಪಿನಲ್ಲಿ, ಆಧಾರಸ್ವರವನ್ನು ಎಡೆಬಿಡದೆ ನುಡಿಸುವ ತಾನ್ಪುರಾದೊಂದಿಗೆ ಸರಿಯಾಗಿ ಕೂಡಿದ ತಂಡ ಮಧ್ಯಾಹ್ನ ಅದೇ ತಾನ್ಪುರಾಕ್ಕಿಂತ ಮೇಲೆ ಹೋಗಿರುತ್ತದೆ; ಆಗ ಮಕ್ಕಳು ತಮ್ಮ ತಪ್ಪೆಂದು ತಿಳಿದು ಊದುವ ಕೋನವನ್ನು ಬದಲಿಸತೊಡಗುತ್ತಾರೆ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ.

ಇದಕ್ಕೆ ಮಾಡಬೇಕಾದುದು ಹೀಗೆ. ಮೊದಲನೆಯದಾಗಿ, ಕೊನೆಯ ನಾಲ್ಕಾರು ಅಭ್ಯಾಸಗಳನ್ನು ಕಛೇರಿಯ ಹೊತ್ತಿನಲ್ಲೇ ನಡೆಸಿ. ಎರಡನೆಯದಾಗಿ, ಮೊಬೈಲಿನ ತಾನ್ಪುರಾ ಆ್ಯಪಿನಲ್ಲಿ ಶ್ರುತಿಯನ್ನು ಸೂಕ್ಷ್ಮವಾಗಿ ಏರಿಸುವ ಸೌಲಭ್ಯವಿದೆಯೇ ನೋಡಿಕೊಳ್ಳಿ; ಮಕ್ಕಳು ಐದು ನಿಮಿಷ ಊದಿ ಕೊಳಲುಗಳು ಬೆಚ್ಚಗಾದ ಮೇಲೆ ತಾನ್ಪುರಾವನ್ನು ಕೊಳಲುಗಳಿಗೆ ಹೊಂದಿಸಿ, ಕೊಳಲುಗಳನ್ನು ತಾನ್ಪುರಾಕ್ಕೆ ಹೊಂದಿಸಲು ಹೋಗಬೇಡಿ. ಮೂರನೆಯದಾಗಿ, ಪೇಟಿಯನ್ನು ಜೊತೆಗೆ ನುಡಿಸಬೇಡಿ. ಅದರೊಳಗೆ ನಾದ ಹುಟ್ಟಿಸುವ ಲೋಹದ ಪಟ್ಟಿಗಳು, ಎಂದರೆ ರೀಡುಗಳು, ಗಾಳಿಯ ಬಿಸಿಯೊಂದಿಗೆ ಏರುವುದಿಲ್ಲ, ಆದ್ದರಿಂದ ಪೇಟಿ ಮತ್ತು ಕೊಳಲು ಮಧ್ಯಾಹ್ನದ ಸೆಕೆಯಲ್ಲಿ ಪರಸ್ಪರ ದೂರ ಸರಿಯುತ್ತವೆ.

ಲೋಹದ ಕೊಳಲಿನ ತಂಡಗಳಿಗೆ ಈ ಕಷ್ಟ ಕಡಿಮೆ. ಊದುವ ಮೇಲ್ಭಾಗವನ್ನು ಕೆಲವು ಮಿಲಿಮೀಟರ್ ಹೊರಗೆಳೆದರೆ ಶ್ರುತಿ ಇಳಿಯುತ್ತದೆ. ಇದೇ ಕಾರಣಕ್ಕೆ ಬಿದಿರು ಮತ್ತು ಲೋಹದ ಕೊಳಲುಗಳನ್ನು ಒಟ್ಟಿಗೆ ನುಡಿಸುವಾಗ ಬಿದಿರಿನವರು ಮೊದಲು ಊದಬೇಕು, ಲೋಹದವರು ಅವರಿಗೆ ಹೊಂದಿಕೊಳ್ಳಬೇಕು. ಅತಿ ಚಿಕ್ಕದಾದ, ಒಂದು ಸಪ್ತಕ ಮೇಲೆ ನುಡಿಯುವ ಪಿಕೊಲೊ ಗಟ್ಟಿ ಗೋಡೆಗಳ ನಡುವೆ ಕಿವಿಗೆ ಚುಚ್ಚುತ್ತದೆ. ಅದನ್ನು ಒಂದು ಕೃತಿಗಷ್ಟೇ ಸೀಮಿತಗೊಳಿಸಿ.

ಚಳಿಗಾಲದ ನಮ್ಮ ಒಣಹವೆಯಲ್ಲಿ ಬಿದಿರು ಸೀಳುವುದುಂಟು. ದಾರದ ಸುತ್ತುಗಳು ಸಡಿಲವಾಗಿವೆಯೇ ನೋಡಿ, ಕಛೇರಿಗೆ ಒಂದು ವಾರ ಮೊದಲು ಒಳಗೆ ತೆಳುವಾಗಿ ಸಾಸಿವೆ ಎಣ್ಣೆ ಸವರಿ ಒಣಗಲು ಬಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಕೊಳಲನ್ನು ಎಂದೂ ಬಿಡಬೇಡಿ.

ಹಂತ 5: ಏನನ್ನು ನುಡಿಸಬೇಕು

ಒಟ್ಟು ಅವಧಿ 35ರಿಂದ 40 ನಿಮಿಷ. ಇದಕ್ಕಿಂತ ಒಂದು ಕೃತಿಯೂ ಹೆಚ್ಚು ಬೇಡ.

ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ್ದು ಸಾರಂಗವೆಂಬ ರಾಗಗಳ ಮನೆತನ. ವೃಂದಾವನಿ ಸಾರಂಗದಲ್ಲಿ ಗಾಂಧಾರ, ಧೈವತಗಳಿಲ್ಲ. ಏರುವಾಗ ಶುದ್ಧ ನಿಷಾದ, ಇಳಿಯುವಾಗ ಕೋಮಲ ನಿಷಾದ (ಕೋಮಲವೆಂದರೆ ಶುದ್ಧ ಸ್ವರಕ್ಕಿಂತ ಅರ್ಧ ಮೆಟ್ಟಿಲು ಕೆಳಗಿನದು). ಸ್ವರಗಳು ಕಡಿಮೆ, ಚಲನೆ ನೇರ, ಅನುರಣನವಿರುವ ಕಟ್ಟಡದಲ್ಲಿ ಅದರ ಷಡ್ಜ-ರಿಷಭ-ಮಧ್ಯಮಗಳು ಒಂದರ ಮೇಲೊಂದು ಉಳಿದಾಗಲೂ ಹಿತವಾಗಿಯೇ ಕೇಳುತ್ತವೆ. ಆದರೂ ಮಕ್ಕಳ ತಂಡಕ್ಕೆ ಇದರಲ್ಲಿ ಒಂದು ಗಟ್ಟಿ ಪರೀಕ್ಷೆ ಇದೆ. ಬಾನ್ಸುರಿಯಲ್ಲಿ ಮೇಲಿನ ಮೂರು ರಂಧ್ರ ಮುಚ್ಚಿದರೆ ಷಡ್ಜ, ಎರಡು ಮುಚ್ಚಿದರೆ ರಿಷಭ, ಒಂದು ಮುಚ್ಚಿದರೆ ಗಾಂಧಾರ. ಶುದ್ಧ ಮಧ್ಯಮಕ್ಕೆ ಮಾತ್ರ ಮೊದಲ ರಂಧ್ರವನ್ನು ಅರ್ಧ ತೆರೆಯಬೇಕು. ಒಬ್ಬ ಹುಡುಗಿಯ ಅರ್ಧ ಇನ್ನೊಬ್ಬ ಹುಡುಗನ ಅರ್ಧಕ್ಕೆ ಸಮನಾಗಿರುವುದಿಲ್ಲ, ಹತ್ತು ಕೊಳಲುಗಳು ಒಟ್ಟಿಗೆ ಮಧ್ಯಮದ ಮೇಲೆ ನಿಂತರೆ ನಾದ ನಡುಗತೊಡಗುತ್ತದೆ. ಕೋಮಲ ನಿಷಾದವೂ ಹೀಗೆಯೇ ಅರ್ಧ ರಂಧ್ರದ ಸ್ವರ. ಆದ್ದರಿಂದ ಬಂದಿಶ್, ಎಂದರೆ ತಾಳಕ್ಕೆ ಕೂರಿಸಿದ ರಾಗದ ರಚನೆ, ಕಲಿಸುವ ಮೊದಲು ಪ್ರತಿದಿನ ಹತ್ತು ನಿಮಿಷ ಬರೀ ಮಧ್ಯಮವನ್ನು ಇಬ್ಬಿಬ್ಬರಾಗಿ ಊದಿಸಿ, ನಡುಕ ನಿಲ್ಲುವವರೆಗೆ ಬೆರಳನ್ನು ಹೊರಳಿಸಲು ಹೇಳಿ. ರಂಧ್ರದಿಂದ ಬೆರಳನ್ನು ಎತ್ತುವುದಲ್ಲ, ಹೊರಳಿಸುವುದು. ಮಕ್ಕಳಿಗೆ ಈ ವ್ಯತ್ಯಾಸವನ್ನು ಕೈ ಹಿಡಿದು ತೋರಿಸಬೇಕು.

ಭೀಮಪಲಾಸಿಯೂ ಮಧ್ಯಾಹ್ನದ ರಾಗವೇ. ಅದರಲ್ಲಿ ಕೋಮಲ ಗಾಂಧಾರವೂ ಸೇರುವುದರಿಂದ ಅರ್ಧ ರಂಧ್ರದ ಸ್ವರಗಳು ಮೂರಾಗುತ್ತವೆ. ಎರಡು ಮೂರು ವರ್ಷ ಕಲಿತ ತಂಡಕ್ಕೆ ಮಾತ್ರ ಸಲ್ಲುವಂಥದು. ಹೊಸದಾಗಿ ಕಲಿತವರಿಗೆ ಭೂಪಾಲಿ ಎಲ್ಲ ಪೂರ್ಣ ರಂಧ್ರಗಳ ರಾಗವಾದ್ದರಿಂದ ಸುಲಭವೆಂದು ಹಲವರು ಅದನ್ನೇ ಇಟ್ಟುಕೊಳ್ಳುತ್ತಾರೆ. ಅದು ಸಂಜೆಯ ರಾಗ. ಮಧ್ಯಾಹ್ನದ ಕಛೇರಿಯೆಂಬ ಅಪರೂಪದ ಅವಕಾಶ ಕೈಯಲ್ಲಿರುವಾಗ ಸಾರಂಗದ ನಾಲ್ಕು ಸಾಲಿನ ಮಧ್ಯಲಯದ ಬಂದಿಶ್ ಒಂದನ್ನು ಎರಡು ತಿಂಗಳು ತಿದ್ದಿ ನುಡಿಸುವುದೇ ಹೆಚ್ಚು ಯೋಗ್ಯವೆಂದು ನಾನು ಬಲವಾಗಿ ನಂಬಿದ್ದೇನೆ. ತಾಳವಿಲ್ಲದೆ ರಾಗವನ್ನು ಬಿಡಿಸುವ ಆಲಾಪವನ್ನು ಹಿರಿಯ ವಿದ್ಯಾರ್ಥಿಯೊಬ್ಬರು ಮೂರು ನಿಮಿಷ ಮಾಡಲಿ. ತಂಡ ಮಂದ್ರ ಪಂಚಮ ಅಥವಾ ಷಡ್ಜವನ್ನು ಸರದಿಯಲ್ಲಿ ಉಸಿರೆಳೆದುಕೊಂಡು ಹಿಡಿದಿರಲಿ.

ಉಳಿದ ವೇಳೆಗೆ ಚರ್ಚಿನವರಿಗೆ ಪರಿಚಿತವಾದ ಒಂದು ಕೀರ್ತನೆಯ ಧಾಟಿ, ಒಂದೆರಡು ವಚನಗಳ ಧಾಟಿ, ಸಾಧ್ಯವಾದರೆ ಒಂದು ಪಾಶ್ಚಾತ್ಯ ಕೃತಿ ಇರಲಿ. ಲೋಹದ ಕೊಳಲಿನ ತಂಡಗಳು ಫ್ರಾನ್ಸಿನ ಬ್ವಾಮೊರ್ತಿಯೆ 1727ರಲ್ಲಿ ಪ್ರಕಟಿಸಿದ ಐದು ಕೊಳಲುಗಳ ಕನ್ಚೆರ್ಟೊಗಳನ್ನು ನೋಡಬಹುದು. ಬೇರೆ ಯಾವ ವಾದ್ಯದ ಆಸರೆಯೂ ಬೇಡದೆ ಕೊಳಲುಗಳಿಗಾಗಿಯೇ ಬರೆದವು ಅವು. ಕನ್ಚೆರ್ಟೊ ಎಂದರೆ ಬೇರೆ ಬೇರೆ ಗತಿಯ ಕೆಲವು ಭಾಗಗಳುಳ್ಳ ವಾದ್ಯಕೃತಿ. ಅದರ ನಿಧಾನಗತಿಯ ಒಂದು ಭಾಗವನ್ನಷ್ಟೇ ಆಯ್ದರೂ ಸಾಕು. ವಚನದ ಧಾಟಿ ಆರಾಧನಾ ಸ್ಥಳಕ್ಕೆ ಹೊಂದುವುದೇ ಎಂಬ ತೀರ್ಮಾನ ಚರ್ಚಿನವರದು. ಪಟ್ಟಿಯನ್ನು ಅರ್ಜಿಯೊಂದಿಗೇ ಕೊಟ್ಟು, ಅವರು ಯಾವುದಾದರೂ ಬೇಡವೆಂದರೆ ಬದಲಿ ಕೃತಿಯನ್ನು ಸಿದ್ಧವಾಗಿಟ್ಟುಕೊಳ್ಳಿ.

ತಬಲಾ ಬೇಕೆಂದಾದರೆ ಒಂದೇ ಜೋಡಿ, ಕೆಳಗೆ ದಪ್ಪ ಜಮಖಾನೆ, ಸರಳ ಠೇಕಾ, ಎಂದರೆ ತಾಳದ ಮೂಲ ಬಡಿತ. ಜೋಡಿಯ ದೊಡ್ಡ ವಾದ್ಯವಾದ ಬಾಯಾದ ಗುಂಗು ಗಟ್ಟಿ ನೆಲದ ಮೇಲೆ ಬೆಳೆದು ಕೊಳಲಿನ ಮಂದ್ರವನ್ನು ನುಂಗಿಬಿಡುತ್ತದೆ.

ಹಂತ 6: ಅಭ್ಯಾಸ ಮತ್ತು ಮಕ್ಕಳ ದೇಹ

ಕೊಳಲು ಕಲಿಯುವ ಮಕ್ಕಳಿಗೆ ಎಡೆಬಿಡದೆ ಊದಿದಾಗ ತಲೆ ಸುತ್ತುವುದುಂಟು. ಬೇಗ ಬೇಗ ಆಳವಾಗಿ ಉಸಿರಾಡಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುವುದು ಇದಕ್ಕೆ ಕಾರಣ. ಕೂತು ನುಡಿಸಿದರೆ ಬೀಳುವ ಭಯವಿಲ್ಲ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಕೊಳಲು ಕೆಳಗಿಡಿಸಿ. ಎಲ್ಲರೂ ಒಂದೇ ಕಡೆ ಉಸಿರೆಳೆದರೆ ನಾದ ತುಂಡಾಗುತ್ತದೆ; ಜೊತೆ ಜೊತೆಯಾಗಿ ಕೂತವರು ಬೇರೆ ಬೇರೆ ಕಡೆ ಉಸಿರೆಳೆಯುವಂತೆ ಪುಟದ ಮೇಲೆ ಗುರುತು ಹಾಕಿಸಿ. ಚಳಿಗಾಲದಲ್ಲಿ ತುಟಿ ಒಡೆದ ಮಗುವಿಗೆ ಸ್ವರ ಬರುವುದೇ ಇಲ್ಲ. ವಾರ ಮೊದಲಿನಿಂದ ರಾತ್ರಿ ತುಪ್ಪ ಸವರಲು ಹೇಳಿ, ಕಛೇರಿಯ ಹೊತ್ತಿಗೆ ಮಾತ್ರ ಬೇಡ. ಜಿಡ್ಡಿದ್ದರೆ ಊದುರಂಧ್ರ ತುಟಿಯಿಂದ ಜಾರುತ್ತದೆ.

ಒಂದು ಪೂರ್ಣ ಅಭ್ಯಾಸ ಚರ್ಚಿನಲ್ಲಿಯೇ ಆಗಬೇಕು. ಮಕ್ಕಳು ಮೊದಲ ಸಲ ಆ ಅನುರಣನವನ್ನು ಕೇಳಿದಾಗ ಹಿಂದಿನಿಂದ ಮರಳುವ ತಮ್ಮದೇ ಸದ್ದಿಗಾಗಿ ಕಾಯುತ್ತಾರೆ, ಲಯ ಇಳಿಯುತ್ತಾ ಹೋಗುತ್ತದೆ. ಕಿವಿಯನ್ನು ಗೋಡೆಗೆ ಕೊಡದೆ ಕಣ್ಣನ್ನು ಮುಂದಾಳುವಿನ ಕೈಗೆ ಕೊಡುವುದನ್ನು ಅಂದೇ ಕಲಿಸಬೇಕು.

ಹಂತ 7: ಕಾನೂನು, ಒಪ್ಪಿಗೆ, ಹಣ

ಧ್ವನಿವರ್ಧಕ ಬಳಸದಿದ್ದರೆ ಶಬ್ದ ಮಾಲಿನ್ಯ ನಿಯಮಗಳ (2000) ಅಡಿಯ ಅನುಮತಿಯ ಪ್ರಶ್ನೆ ಏಳುವುದಿಲ್ಲ. ಹೊರಗೆ ಅಂಗಳದಲ್ಲಿ ಕೇಳಿಸಲೆಂದು ಸ್ಪೀಕರ್ ಕಟ್ಟುವ ಆಸೆಯನ್ನು ಬಿಟ್ಟುಬಿಡಿ: ಅದಕ್ಕೆ ಲಿಖಿತ ಅನುಮತಿ ಬೇಕು, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳಿಂದ 100 ಮೀಟರ್ ಒಳಗೆ ನಿಶ್ಶಬ್ದ ವಲಯದ ನಿರ್ಬಂಧವೂ ಇರಬಹುದು.

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಂತೆ, ಹವ್ಯಾಸಿ ಸಂಘವೊಂದು ಹಣ ಕೊಡದ ಶ್ರೋತೃಗಳ ಮುಂದೆ ಸಂಗೀತ ಕೃತಿಯನ್ನು ನುಡಿಸುವುದು ಹಕ್ಕಿನ ಉಲ್ಲಂಘನೆಯಾಗದು. ಈ ರಿಯಾಯಿತಿ ನುಡಿಸುವುದಕ್ಕೆ ಮಾತ್ರ. ಧ್ವನಿಮುದ್ರಿಸಿ ಅಂತರ್ಜಾಲಕ್ಕೆ ಏರಿಸುವುದು ಬೇರೆಯೇ ವಿಷಯ. ಹನ್ನೆರಡನೆಯ ಶತಮಾನದ ವಚನದ ಪಠ್ಯಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಇತ್ತೀಚಿನವರು ಹಾಕಿದ ಧಾಟಿಗೆ ರಚನಕಾರರ ಮರಣದ ನಂತರ 60 ವರ್ಷದವರೆಗೆ ಹಕ್ಕು ಇರುತ್ತದೆ. ಕರಪತ್ರದಲ್ಲಿ ಧಾಟಿ ಹಾಕಿದವರ ಹೆಸರನ್ನು ತಪ್ಪದೆ ನಮೂದಿಸಿ.

ಪ್ರತಿ ಮಗುವಿನ ತಂದೆತಾಯಿಯಿಂದ ಎರಡು ಒಪ್ಪಿಗೆ ಪಡೆಯಿರಿ: ಪಾಲ್ಗೊಳ್ಳಲು ಒಂದು, ಭಾವಚಿತ್ರ ತೆಗೆಯಲು ಮತ್ತು ಹಂಚಲು ಇನ್ನೊಂದು. ಟಿಕೆಟ್ ಇಡಬೇಡಿ. ಕಾಣಿಕೆಯ ಪೆಟ್ಟಿಗೆ ಇಡುವುದಾದರೆ ಚರ್ಚಿನವರ ಒಪ್ಪಿಗೆಯಿಂದ, ಹೊರಬಾಗಿಲ ಬಳಿ ಮಾತ್ರ.

ಹಂತ 8: ಜನರನ್ನು ಕರೆಯುವುದು

ಎರಡು ಭಾನುವಾರ ಆರಾಧನೆಯ ನಂತರದ ಪ್ರಕಟಣೆಯಲ್ಲಿ ಸೇರಿಸಲು ಕೋರಿ. ಸುತ್ತಲಿನ ಕಚೇರಿಗಳ ಸೂಚನಾ ಫಲಕಕ್ಕೆ ಒಂದೊಂದು ಹಾಳೆ ಅಂಟಿಸಿ. ಹಾಳೆಯಲ್ಲಿ ಆರಂಭದ ವೇಳೆಯಷ್ಟೇ ದಪ್ಪ ಅಕ್ಷರದಲ್ಲಿ ಮುಗಿಯುವ ವೇಳೆಯೂ ಇರಬೇಕು: "1.15ಕ್ಕೆ ಆರಂಭ, 1.55ಕ್ಕೆ ಮುಕ್ತಾಯ." ಕಚೇರಿಯಲ್ಲಿರುವವರು ಬರುವುದು ಈ ಎರಡನೆಯ ಸಾಲನ್ನು ನಂಬಿ. ಎಲ್ಲ ಧರ್ಮದವರಿಗೂ ಪ್ರವೇಶವಿದೆ, ಉಚಿತವಾಗಿದೆ ಎಂಬುದನ್ನು ಬಿಡಿಸಿ ಬರೆಯಿರಿ. ಚರ್ಚಿನೊಳಗೆ ತಾವು ಹೋಗಬಹುದೋ ಇಲ್ಲವೋ ಎಂಬ ಅಳುಕು ಹಲವರಿಗೆ ನಿಜವಾಗಿಯೂ ಇರುತ್ತದೆ. ಬೀದರ್‌ನಲ್ಲಿ ಕನ್ನಡದ ಜೊತೆಗೆ ಉರ್ದು ಅಥವಾ ಮರಾಠಿಯ ಎರಡು ಸಾಲು ಇದ್ದರೆ ಒಳ್ಳೆಯದು.

ಈಗ ಅತ್ಯಂತ ಮುಖ್ಯವಾದ ಎಚ್ಚರಿಕೆ. ಕಲಬುರಗಿಯ ಡಾ. ಎಸ್.ಎಂ. ಪಂಡಿತ್ ರಂಗಮಂದಿರದಲ್ಲೋ ಬೀದರ್‌ನ ಡಾ. ಚನ್ನಬಸವ ಪಟ್ಟದ್ದೇವರು ರಂಗಮಂದಿರದಲ್ಲೋ ನಡೆಯುವ ಸಂಜೆಯ ಸಮಾರಂಭಕ್ಕೆ ಸ್ವಾಗತ, ದೀಪ ಬೆಳಗಿಸುವುದು, ಪ್ರಾಸ್ತಾವಿಕ ನುಡಿ, ಶಾಲು ಹೊದಿಸುವುದು, ಅಧ್ಯಕ್ಷೀಯ ಭಾಷಣ ಎಲ್ಲವೂ ಸೊಗಸು. ನಲವತ್ತು ನಿಮಿಷದ ಕಛೇರಿಯಲ್ಲಿ ಇವುಗಳಿಗೆ ಎಡೆಯಿಲ್ಲ. ಮುಖ್ಯ ಅತಿಥಿಯನ್ನೇ ಕರೆಯಬೇಡಿ. ಕರೆದರೆ ಅವರಿಗಾಗಿ ಕಾಯಬೇಕಾಗುತ್ತದೆ, ಕಾದರೆ ಕಚೇರಿಯಿಂದ ಬಂದವರು ಒಂದು ಸ್ವರವನ್ನೂ ಕೇಳದೆ ಎದ್ದು ಹೋಗುತ್ತಾರೆ. ಗೌರವಿಸಲೇಬೇಕಾದವರಿದ್ದರೆ ಕಛೇರಿಯ ನಂತರ ಊಟದ ಜಾಗದಲ್ಲಿ ಗೌರವಿಸಿ. ಆರಂಭದಲ್ಲಿ ಸಭಾಪಾಲಕರು ಅಥವಾ ಗುರುಗಳು ಒಂದು ನಿಮಿಷ ಮಾತನಾಡಿದರೆ ಸಾಕು. ಮೊಬೈಲ್ ಆರಿಸುವ ಮತ್ತು ಚಪ್ಪಾಳೆಯ ಸೂಚನೆಯನ್ನೂ ಅವರೇ ಹೇಳಲಿ. ಅವರ ಬಾಯಿಂದ ಬಂದರೆ ಜನ ಕೇಳುತ್ತಾರೆ.

ಹಂತ 9: ಕಛೇರಿಯ ದಿನ

1.15ಕ್ಕೆ ಆರಂಭವಾಗುವ ಕಛೇರಿಗೆ ಮಕ್ಕಳು 12 ಗಂಟೆಗೆ ಬಂದಿರಬೇಕು. ಹೊಟ್ಟೆ ತುಂಬ ಉಂಡು ಊದಲಾಗದು, ಹಸಿದೂ ಊದಲಾಗದು. ಬಂದ ಕೂಡಲೇ ಬಾಳೆಹಣ್ಣು ಅಥವಾ ಸ್ವಲ್ಪ ಅವಲಕ್ಕಿ ಕೊಡಿ. ಶಾಲೆಯ ಹೊರಗೆ ಸಿಗುವ ಸುಸಲಾ, ಮಿರ್ಚಿ ಭಜಿ ಅಂದು ಬೇಡ: ಕಾರದಿಂದ ಗಂಟಲು ಕೆರೆಯುತ್ತದೆ, ಹಲ್ಲಿನ ಸಂದಿಯ ಚೂರು ಕೊಳಲೊಳಗೆ ಹೋಗುತ್ತದೆ. ಬಾಯಿ ಮುಕ್ಕಳಿಸಿ, ಕೈ ತೊಳೆದು, ಒಬ್ಬೊಬ್ಬರ ಬಳಿಯೂ ಒಂದು ಹತ್ತಿಯ ಕರವಸ್ತ್ರ ಇರಲಿ. ಗಲ್ಲದ ಬೆವರಿನಿಂದ ಕೊಳಲು ಜಾರುತ್ತದೆ.

12.30ಕ್ಕೆ ಫ್ಯಾನು ಆರಿಸಿ, ಕೊಳಲುಗಳನ್ನು ಬೆಚ್ಚಗೆ ಮಾಡಿಸಿ, ಮೊದಲ ಕೃತಿಯ ಮೊದಲ ಹತ್ತು ಸಾಲು ಮಾತ್ರ ನುಡಿಸಿ ನಿಲ್ಲಿಸಿ. 12.50ರ ನಂತರ ಯಾರೂ ಊದಬಾರದು. ತಾನ್ಪುರಾ ನುಡಿಸುವ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬ್ಯಾಟರಿಯ ಸ್ಪೀಕರ್ ಪೂರ್ತಿ ಚಾರ್ಜ್ ಆಗಿದೆಯೇ ನೋಡಿ. ಮಧ್ಯಾಹ್ನ ಕರೆಂಟು ಹೋದರೂ ನಿಮ್ಮ ಕಛೇರಿ ಹಾಗೆಯೇ ಮುಂದುವರಿಯಬೇಕು. ಕಿಟಕಿಯ ಬಿಸಿಲು ಯಾವ ಮಗುವಿನ ಕಣ್ಣಿಗೆ ಬೀಳುತ್ತಿದೆ ಎಂದು ಗಮನಿಸಿ ಸ್ಥಳ ಬದಲಿಸಿ.

1.15ಕ್ಕೆ ಐದೇ ಜನ ಇದ್ದರೂ ಆರಂಭಿಸಿ. ತಡವಾಗಿ ಬಂದವರನ್ನು ಕೃತಿಗಳ ನಡುವೆ ಒಳಗೆ ಬಿಡಲು ಬಾಗಿಲಲ್ಲಿ ಒಬ್ಬರು ನಿಂತಿರಲಿ. ಮಧ್ಯದಲ್ಲಿ ಏಳಬೇಕಾದವರು ಹಿಂದಿನ ಸಾಲಿನಲ್ಲಿ ಕೂರಲಿ. ನಡುವೆ ಯಾವುದೇ ಮಗುವಿನ ಸ್ವರ ತಪ್ಪಿದರೆ ನಿಲ್ಲಿಸಬೇಡಿ, ತಂಡ ಮುಂದೆ ಸಾಗುತ್ತಿರುವಾಗ ಆ ಮಗು ಮುಂದಿನ ಸಾಲಿನ ಷಡ್ಜದಲ್ಲಿ ಬಂದು ಸೇರಿಕೊಳ್ಳುವುದನ್ನು ಅಭ್ಯಾಸದಲ್ಲೇ ರೂಢಿ ಮಾಡಿಸಿ. ವೇಳೆ ಮೀರುತ್ತಿದೆಯೆಂದು ಕಂಡರೆ ಕೊನೆಯ ಕೃತಿಯ ಮೊದಲಿನದನ್ನು ಬಿಡಿ, ಕೊನೆಯದನ್ನು ಬಿಡಬೇಡಿ. ಮಕ್ಕಳು ಮನಸ್ಸಿನಲ್ಲಿ ಸಿದ್ಧವಾಗಿರುವುದು ಅದಕ್ಕಾಗಿ.

ಹಂತ 10: ಮುಗಿದ ಮೇಲೆ

ಊಟ ಚರ್ಚಿನೊಳಗೆ ಬೇಡ. ಅಂಗಳದಲ್ಲಿ ಅಥವಾ ಪಕ್ಕದ ಹಾಲ್‌ನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯನ್ನು ಮನೆಯವರೇ ಹಂಚಿಕೊಂಡು ಮಾಡಿ ತಂದರೆ ಖರ್ಚೂ ಕಡಿಮೆ, ಚರ್ಚಿನವರೂ ತಂದೆತಾಯಿಗಳೂ ಕೂತು ಮಾತನಾಡಲು ವೇಳೆಯೂ ಸಿಗುತ್ತದೆ. ಕಚೇರಿಗೆ ಮರಳುವವರಿಗಾಗಿ ರೊಟ್ಟಿ, ಪಲ್ಯವನ್ನು ಕಾಗದದಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟರೆ ಅವರು ಹಸಿದು ಹೋಗುವುದು ತಪ್ಪುತ್ತದೆ.

ಮಕ್ಕಳು ಊಟಕ್ಕೆ ಓಡುವ ಮೊದಲು ಕೊಳಲಿನ ಒಳಗನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ ಚೀಲದಲ್ಲಿಡಲಿ. ಬೆಂಚು, ಜಮಖಾನೆ, ಸ್ವಿಚ್ಚಿನ ಗುರುತು ಎಲ್ಲವೂ ಇದ್ದಂತೆ ಆಗಬೇಕು. ಮರುದಿನ ಭಾನುವಾರದ ಆರಾಧನೆ ಇದೆ. ವಾರದೊಳಗೆ ಮಕ್ಕಳೆಲ್ಲರ ಸಹಿಯಿರುವ ಕೃತಜ್ಞತಾ ಪತ್ರವನ್ನು ಚರ್ಚಿಗೆ ತಲುಪಿಸಿ, ಅದರೊಂದಿಗೇ ಮುಂದಿನ ಚಳಿಗಾಲದ ದಿನಾಂಕದ ಅರ್ಜಿಯನ್ನೂ ಕೊಟ್ಟು ಬನ್ನಿ.